ಬಟನ್‌ನ ನೋಡಬೇಡಿ, ಮಿಸ್

ಕಾಲಿಂಗ್ ಬೆಲ್ ಹೊಡೆಯಿತು.

"ಯಾರೋ ಬಂದ್ರು! ಪೇಪರ್ ಹಾಸು! ಒರೆಸೋ ಬಟ್ಟೆ ಎಲ್ಲಿ?" ಹೊಲಿಗೆ ಮಿಷನ್ ನಿಲ್ಲಿಸಿ ಅಮ್ಮ ಕೂಗಿದಳು.

ಅಣ್ಣ ಹಳೇ ಪೇಪರ್ ಹಿಡಿದು ಬಾಗಿಲಿಗೆ ಓಡಿದ. ತಂಗಿ ಗುಬ್ಬಿ ನಾಯಿಯ ಹಿಂದೆ ಓಡಿದಳು. "ಬಟನ್, ಬೇಡ! ನೋ! ನೋ!"

ಬಾಗಿಲು ತೆರೆಯಿತು. ಫ್ರಾಕ್ ಹೊಲಿಯಲು ಕೊಟ್ಟಿದ್ದ ಪಕ್ಕದ ಬೀದಿಯ ಆಂಟಿ. "ಅಯ್ಯೋ, ಎಷ್ಟು ಮುದ್ದಾಗಿದೆ!" ಎನ್ನುತ್ತ ಅವರು ಬಗ್ಗಿ, ಎರಡೂ ಕೈ ಚಾಚಿದರು.

ಬಟನ್ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡಿತು. ಬಾಲ ಮುದುರಿ ನೆಲಕ್ಕೆ ಅಂಟಿಕೊಂಡಿತು. ಅದರ ಹೊಟ್ಟೆಯ ಕೆಳಗಿನಿಂದ ತೆಳ್ಳಗೆ ನೀರು ಹರಿದು, ಪೇಪರ್ ದಾಟಿ, ಆಂಟಿಯ ಹೊಸ ಚಪ್ಪಲಿಯವರೆಗೂ ಹೋಯಿತು.

"ಛೀ!" ಎಂದು ಆಂಟಿ ಒಂದು ಕಾಲೆತ್ತಿ ನಿಂತರು.

ಅವರು ಹೋದ ಮೇಲೆ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದಕ್ಕೆ ಬಟನ್ ಅಂತ ಯಾರೇ ಹೆಸರಿಟ್ಟಿದ್ದು? ನಲ್ಲಿ ಅಂತ ಇಡಬೇಕಿತ್ತು!"

ಗುಬ್ಬಿ ನಗಲಿಲ್ಲ. ಅವಳು ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮ ಬೈಯಲಿಲ್ಲ. ಮಂಡಿಯೂರಿ ನೆಲ ಒರೆಸುತ್ತಿದ್ದಳು, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

"ಶನಿವಾರ ನಿಮ್ಮ ಹೆಡ್‌ಮಿಸ್ ಬರ್ತಾರೆ," ಅಮ್ಮ ತಲೆಯೆತ್ತದೆ ಹೇಳಿದಳು. "ಬ್ಯಾಂಡ್ ಸೆಟ್ಟಿನ ಕೋಟು ನೋಡೋಕೆ. ಇಷ್ಟ ಆದ್ರೆ ಅಷ್ಟೂ ಮಕ್ಕಳ ಕೋಟು ಹೊಲಿಯೋ ಕೆಲಸ ನಮಗೇ. ಅವರ ಕಾಲ ಮೇಲೂ ಹೀಗೇ ಆದ್ರೆ?"

"ಆಗಲ್ಲಮ್ಮ."

"ಆದ್ರೆ, ಬಟನ್‌ನ ಮಾವನ ಗೋಡೌನಿಗೆ ಕಳಿಸೋದೇ. ನನ್ ಕೈಲಿ ಇನ್ನಾಗಲ್ಲ ಪುಟ್ಟಾ."

ಗೋಡೌನನ್ನು ಗುಬ್ಬಿ ನೋಡಿದ್ದಳು. ಸಿಮೆಂಟ್ ಮೂಟೆಗಳು, ಗೋಡೆಯಲ್ಲಿ ಕಬ್ಬಿಣದ ಬಳೆ, ಅದಕ್ಕೆ ನೇತುಬಿದ್ದ ಸರಪಳಿ.

"ಶನಿವಾರ ಒಂದಿನ ರೂಮಲ್ಲಿ ಕೂಡಿ ಹಾಕೋಣ?" ಎಂದಳು.

"ಆಮೇಲೆ ಊಳಿಡುತ್ತೆ. ಪಕ್ಕದ ಮನೆ ತಾತ ಗೋಡೆ ಬಡೀತಾರೆ. ಫುಲ್ ಬ್ಯಾಂಡ್ ಸೆಟ್ ರೆಡಿ!" ಎಂದ ಅಣ್ಣ.

ಮರುದಿನ ಸಂಜೆ ಅಣ್ಣ ಟ್ಯೂಷನ್ನಿಗೆ ಹೋಗಿದ್ದ. ಅಮ್ಮ ಕೋಟಿನ ಅಳತೆ ನೋಡಲು ಅದನ್ನು ಗುಬ್ಬಿಗೆ ತೊಡಿಸಿ, ಸುತ್ತಲೂ ಗುಂಡುಪಿನ್ ಚುಚ್ಚುತ್ತಿದ್ದಳು. ಮಿಕ್ಕ ಪಿನ್ನುಗಳು ಅವಳ ತುಟಿಗಳ ನಡುವೆ ಸಾಲಾಗಿದ್ದವು. ಗುಬ್ಬಿ ಉಸಿರು ಬಿಗಿಹಿಡಿದು ನಿಂತಿದ್ದಳು. ಅಲ್ಲಾಡಿದರೆ ಚುಚ್ಚುತ್ತದೆ.

ಬೆಲ್ ಹೊಡೆಯಿತು.

ಅಮ್ಮ ಕೂಗುವಂತಿರಲಿಲ್ಲ. ಗುಬ್ಬಿ ಓಡುವಂತಿರಲಿಲ್ಲ. ಚಿಲಕ ಹಾಕದೆ ಮುಂದೆ ಮಾಡಿದ್ದ ಬಾಗಿಲನ್ನು ತಳ್ಳಿಕೊಂಡು ಕೊರಿಯರ್‌ನವನು ಒಳಗೆ ಬಂದ. ಕಣ್ಣೆಲ್ಲ ಫೋನಿನ ಮೇಲೆ. "ನೆಟ್‌ವರ್ಕ್ ಒಂದು ಇಲ್ಲ ಇಲ್ಲಿ," ಎಂದು ಗೊಣಗುತ್ತ ಪಾರ್ಸೆಲ್ಲನ್ನು ಮೇಜಿನ ಮೇಲಿಟ್ಟು, ಹಾಗೇ ಹೊರಟುಹೋದ. ಮನೆಯಲ್ಲಿ ನಾಯಿ ಇದೆ ಎಂದೇ ಅವನಿಗೆ ಗೊತ್ತಾಗಲಿಲ್ಲ.

ಬಟನ್ ಅವನ ಶೂಗಳನ್ನು ಮೂಸಿತ್ತು. ಬಾಗಿಲವರೆಗೂ ಹಿಂದೆ ಹೋಗಿ ಬಂದಿತ್ತು. ಅಷ್ಟೇ.

ಗುಬ್ಬಿ ನೆಲವನ್ನು ನೋಡಿದಳು. ಒಂದು ಹನಿಯೂ ಇರಲಿಲ್ಲ.

ಶುಕ್ರವಾರ ಶಾಲೆಯಲ್ಲಿ ಹೆಡ್‌ಮಿಸ್ ರೌಂಡ್ಸ್ ಬಂದರು. ಅವರು ಉದ್ದಕ್ಕೆ, ಬಾಗಿಲಿನಷ್ಟು ಎತ್ತರ. ಸಾಲುಗಳ ನಡುವೆ ನಡೆದು ಬಂದು ಗುಬ್ಬಿಯ ಬೆಂಚಿನ ಬಳಿಯೇ ನಿಂತರು.

"ನೀನು ಹೇಳು. ಮೋಡದಿಂದ ಮಳೆ ಹೇಗೆ ಬರುತ್ತೆ?"

ಗುಬ್ಬಿಗೆ ಗೊತ್ತಿತ್ತು. ಎದ್ದು ನಿಂತಳು.

"ಜೋರಾಗಿ ಹೇಳು, ಕೇಳಿಸ್ತಿಲ್ಲ." ಹೆಡ್‌ಮಿಸ್ ಬಗ್ಗಿ ಅವಳ ಮುಖವನ್ನೇ ನೋಡಿದರು. ಕ್ಲಾಸಿಗೆ ಕ್ಲಾಸೇ ತಿರುಗಿ ನೋಡಿತು. ಗುಬ್ಬಿಯ ಕತ್ತು ಭುಜದೊಳಗೆ ಇಳಿಯಿತು. ಅಂಗೈ ಒದ್ದೆಯಾಯಿತು.

"ಬಾಯಿ ಬಿಡೋದು ಕಲಿ," ಎಂದು ಅವರು ಮುಂದೆ ಹೋದರು.

ಹೋದ ಕೂಡಲೇ ಉತ್ತರ ನಾಲಿಗೆಯ ತುದಿಗೆ ಬಂದು ಕೂತಿತು. ಗುಬ್ಬಿ ಕುಳಿತು, ಮೆಲ್ಲಗೆ ತನ್ನ ಕಿವಿಗಳನ್ನು ಮುಟ್ಟಿಕೊಂಡಳು. ಬಿಸಿಯಾಗಿದ್ದವು. ಅವಳಿಗೆ ಬಟನ್‌ನ ಕಿವಿಗಳು ನೆನಪಾದವು.

ಶನಿವಾರ ಬೆಳಿಗ್ಗೆ ಅಮ್ಮ ಇಸ್ತ್ರಿ ಮಾಡಿದ ಕೋಟನ್ನು ಹ್ಯಾಂಗರಿಗೆ ಹಾಕುತ್ತಿದ್ದಳು.

"ಅಮ್ಮಾ, ಇವತ್ತು ಬೆಲ್ ಹೊಡೆದಾಗ ಯಾರೂ ಕೂಗೋದು ಬೇಡ. ಓಡೋದೂ ಬೇಡ."

"ಸುಮ್ನಿದ್ರೆ ಸರಿ ಹೋಗುತ್ತಾ?"

"ಅವತ್ತು ನಿನ್ ಬಾಯಲ್ಲಿ ಪಿನ್ ಇದ್ದಾಗ ಸರಿಯಾಗಿತ್ತಲ್ವಾ? ಬಟನ್ ಏನೂ ಮಾಡೋಕೆ ಮುಂಚೆನೇ ನಾವು ಬೈಯೋಕೆ ಶುರು ಮಾಡ್ತೀವಿ. ಬೆಲ್ ಅಂದ್ರೇನೇ ಅದಕ್ಕೆ ಭಯ."

"ಹಂಗಾದ್ರೆ ಅಮ್ಮ ದಿನವಿಡೀ ಪಿನ್ ಕಚ್ಕೊಂಡೇ ಇರ್ಲಿ," ಎಂದ ಅಣ್ಣ. "ನಾನೂ ಬಚಾವ್."

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬೆಲ್ ಹೊಡೆಯಿತು.

ಬಟನ್ ಎದ್ದು ನಿಂತಿತು. ಎಲ್ಲರ ಮುಖ ನೋಡಿತು, ಯಾರು ಮೊದಲು ಕೂಗುತ್ತಾರೆ ಎಂದು ಕಾಯುವಂತೆ.

ಅಮ್ಮ ಡಬ್ಬಿಯಿಂದ ಪಿನ್ನುಗಳನ್ನು ತೆಗೆದು ತುಟಿಗಳ ನಡುವೆ ಇಟ್ಟುಕೊಂಡಳು. ಚುಚ್ಚುವುದಕ್ಕೆ ಬಟ್ಟೆಯೇ ಇರಲಿಲ್ಲ. ಆದರೂ ಇಟ್ಟುಕೊಂಡಳು.

ಅಣ್ಣ ಸದ್ದಿಲ್ಲದೆ ಬಾಗಿಲು ತೆರೆದ. ಹೆಡ್‌ಮಿಸ್ ಒಳಗೆ ಬಂದರು.

"ಓ, ನಾಯಿ ಸಾಕಿದೀರಾ?" ಎನ್ನುತ್ತ ಬಗ್ಗತೊಡಗಿದರು.

ಬಟನ್‌ನ ಕಿವಿಗಳು ಹಿಂದಕ್ಕೆ ಸರಿದವು. ಬಾಲ ಕೆಳಗಿಳಿಯಿತು.

ಅಮ್ಮ ಮಾತಾಡುವಂತಿಲ್ಲ. ಅಣ್ಣ ಬಾಗಿಲ ಹಿಂದೆ ಗೋಡೆಗೆ ಒರಗಿಕೊಂಡಿದ್ದ. ಗುಬ್ಬಿ "ಮಿಸ್" ಎಂದಳು. ದನಿ ಹೊರಡಲಿಲ್ಲ. ಬಟನ್‌ನ ಹೊಟ್ಟೆ ಇನ್ನೇನು ನೆಲಕ್ಕೆ ತಾಗುವುದರಲ್ಲಿತ್ತು.

"ಮಿಸ್! ಬಟನ್‌ನ ನೋಡಬೇಡಿ!"

ಹೆಡ್‌ಮಿಸ್ ಅರ್ಧ ಬಗ್ಗಿದವರು ಹಾಗೇ ನಿಂತರು. "ಏನಂದೆ?"

"ಮೇಲಿಂದ ಬಗ್ಗಿ ನೋಡಿದ್ರೆ ಅದಕ್ಕೆ ಭಯ ಮಿಸ್. ಆಗ ಸುಸ್ಸು ಮಾಡ್ಬಿಡುತ್ತೆ. ಬೇಕು ಅಂತ ಮಾಡಲ್ಲ." ಗುಬ್ಬಿ ಕುರ್ಚಿಯತ್ತ ಕೈ ತೋರಿಸಿದಳು. "ನೀವು ಕೂತ್ಕೊಂಡು ಬೇರೆ ಕಡೆ ನೋಡ್ತಿದ್ರೆ ಅದೇ ಬರುತ್ತೆ."

ಮೇಲೆ ಫ್ಯಾನ್ ಕಿರ್‍ ಕಿರ್‍ ಎಂದು ತಿರುಗುತ್ತಿತ್ತು. ಹೆಡ್‌ಮಿಸ್ ನೆಟ್ಟಗಾದರು. ಕುರ್ಚಿಯಲ್ಲಿ ಕುಳಿತು ಮುಖವನ್ನು ಕಿಟಕಿಯತ್ತ ತಿರುಗಿಸಿದರು.

ಬಟನ್ ಕಾಯಿತು. ಒಂದು ಹೆಜ್ಜೆ ಇಟ್ಟಿತು. ನಿಂತಿತು. ಅಮ್ಮನ ತುಟಿಯಲ್ಲಿ ಪಿನ್ನುಗಳು ನಡುಗುತ್ತಿದ್ದವು. ಬಟನ್ ಕತ್ತು ಉದ್ದ ಮಾಡಿ ಹೆಡ್‌ಮಿಸ್‌ರ ಬೂಟಿನ ತುದಿ ಮೂಸಿತು, ಆಮೇಲೆ ಹಿಮ್ಮಡಿ, ಆಮೇಲೆ ಲೇಸು. ಕೊನೆಗೆ ಉಸ್ಸೆಂದು ಉಸಿರುಬಿಟ್ಟು ಬೂಟಿನ ಮೇಲೆ ಗದ್ದವಿಟ್ಟು ಮಲಗಿತು.

ನೆಲ ಒಣಗಿಯೇ ಇತ್ತು.

"ಈಗ ಮಾತಾಡಬಹುದಾ?" ಹೆಡ್‌ಮಿಸ್ ಕಿಟಕಿಯನ್ನೇ ನೋಡುತ್ತ ಪಿಸುಗುಟ್ಟಿದರು.

"ಮೆಲ್ಲಗೆ ಮಿಸ್."

ಹೆಡ್‌ಮಿಸ್ ದನಿ ಇನ್ನೂ ತಗ್ಗಿಸಿದರು. "ನಿನ್ನೆ ಮಳೆ ವಿಷಯ ಕೇಳಿದ್ನಲ್ಲ. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮಿಸ್."

"ಹೇಳು ನೋಡೋಣ."

ಅವರು ತಿರುಗಲಿಲ್ಲ. ಗುಬ್ಬಿ ಹೇಳತೊಡಗಿದಳು. ಸಮುದ್ರದ ನೀರು ಬಿಸಿಲಿಗೆ ಆವಿಯಾಗುವುದು, ಆವಿ ಮೇಲೇರಿ ತಣ್ಣಗಾಗುವುದು, ಪುಟ್ಟ ಹನಿಗಳು ಒಂದಕ್ಕೊಂದು ಸೇರುವುದು. ಎಲ್ಲೂ ತಡವರಿಸಲಿಲ್ಲ. ಅಮ್ಮ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಕೋಟು ಹ್ಯಾಂಗರಿನಲ್ಲಿ ಹೆಡ್‌ಮಿಸ್‌ಗಾಗಿ ಕಾಯುತ್ತಿತ್ತು.

ಹೇಳಿ ಮುಗಿಸಿದ ಮೇಲೆ ಗುಬ್ಬಿ ತನ್ನ ಕಿವಿ ಮುಟ್ಟಿ ನೋಡಿಕೊಂಡಳು. ತಣ್ಣಗಿತ್ತು.