ತಿರುಗದ ಹಿಟ್ಟು

ಎರಡು ಡಬ್ಬಿಗಳೂ ಇಳಿಜಾರು ಹಲಗೆಯ ಮೇಲಿಂದ ಉರುಳಿ ಬಂದು ಒಟ್ಟಿಗೇ ಗೋಡೆಗೆ ಬಡಿದವು. ರಮಿತಾಳ ಡಬ್ಬಿಯಲ್ಲಿ ಅಕ್ಕಿ ಇತ್ತು, ಮನೀಷನದರಲ್ಲಿ ಮರಳು.

"ಟೈ. ನಾಳೆ ಫೈನಲ್," ಎಂದರು ಸೈನ್ಸ್ ಮಿಸ್. "ಒಳಗೆ ಏನು ಬೇಕಾದ್ರೂ ತುಂಬಿ. ಗೆದ್ದ ಒಬ್ರಿಗೆ ಮಾತ್ರ ಕಲ್ಯಾಣ್ ಸಿಟಿಯ ವಿಜ್ಞಾನ ಮೇಳಕ್ಕೆ ಚಾನ್ಸ್."

"ನಾನು ಕಬ್ಬಿಣದ ಚೂರು ತುಂಬ್ತೀನಿ. ನೀನು ಇಡ್ಲಿ ತುಂಬ್ಕೊಂಡು ಬಾ," ಎಂದ ಮನೀಷ್. ಎಲ್ಲರೂ ನಕ್ಕರು.

ರಮಿತಾಳ ಅಪ್ಪನದು ಕಾಮೋಠೆಯಲ್ಲಿ ಹೋಟೆಲು. ಆ ಮಾತು ಎತ್ತಿದರೆ ಸಾಕು, ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸುತ್ತಿತ್ತು.

ಸಂಜೆ ಹೋಟೆಲಿನ ಅಡುಗೆಮನೆಯಲ್ಲಿ ಹಲಗೆ ಒರಗಿಸಿ ಕೂತಳು. ಹೋಟೆಲಿನಲ್ಲಿ ಡಬ್ಬಿಗಳಿಗೇನು ಬರ? ಬೇಳೆ, ಸಕ್ಕರೆ, ಉದ್ದಿನ ಹಿಟ್ಟು, ಎಲ್ಲ ತುಂಬಿ ಉರುಳಿಸಿದ್ದೇ ಉರುಳಿಸಿದ್ದು. ಅಕ್ಕಿಯ ಡಬ್ಬಿಯನ್ನು ಸೋಲಿಸಿದ್ದು ಒಂದೂ ಇಲ್ಲ. ಕೊನೆಗೆ, ಅಜ್ಜಿ ಆಗಷ್ಟೇ ರುಬ್ಬಿಟ್ಟ ನೀರುದೋಸೆ ಹಿಟ್ಟಿಗೇ ಕೈಹಾಕಿ ಡಬ್ಬಿ ತುಂಬಿದಳು.

"ಎಂತ ಮಾರಾಯ್ತಿ, ಗಿರಾಕಿಗಳಿಗೆ ನಾನು ಎಂತ ಹೊಯ್ಯುವುದು?" ಅಜ್ಜಿ ಗೊಣಗಿದರು.

ಅಬ್ಬಾ, ಆ ಡಬ್ಬಿ ಅಕ್ಕಿಯ ಡಬ್ಬಿಯನ್ನು ಹಿಂದೆ ಹಾಕಿತು! ಮತ್ತೆ ಉರುಳಿಸಿದರೂ ಅದೇ ಮುಂದೆ.

ಅಜ್ಜಿ ಹಿಟ್ಟಿನ ಪಾತ್ರೆಯನ್ನು ತಿರುಗಿಸಿ ಅದರ ಹಿಡಿಕೆಯನ್ನು ತಮ್ಮ ಕಡೆ ಮಾಡಿಕೊಂಡರು. ಪಾತ್ರೆ ತಿರುಗಿತು. ಹಿಟ್ಟಿನ ಮೇಲೆ ಬಿದ್ದಿದ್ದ ಕರಿಬೇವಿನ ಎಲೆ ಮಾತ್ರ ಇದ್ದಲ್ಲೇ ಇತ್ತು.

ರಮಿತಾ ಆ ಎಲೆಯನ್ನೆತ್ತಿ ಗಟ್ಟಿ ಉದ್ದಿನ ಹಿಟ್ಟಿನ ಮೇಲಿಟ್ಟಳು. ಆ ಪಾತ್ರೆ ತಿರುಗಿಸಿದಾಗ ಎಲೆಯೂ ಜೊತೆಗೇ ತಿರುಗಿತು.

"ಅಜ್ಜಿ, ನೀರುದೋಸೆ ಹಿಟ್ಟು ತಿರುಗೋದೇ ಇಲ್ಲ."

ಅಕ್ಕಿಯ ಡಬ್ಬಿ ಒಳಗಿನ ಅಕ್ಕಿಯನ್ನೂ ತಿರುಗಿಸುತ್ತಾ ಓಡಬೇಕು. ಇದಕ್ಕಾದರೋ ಬರೀ ತಗಡು ತಿರುಗಿದರೆ ಸಾಕು. ಹಿಟ್ಟು, ಲೋಕಲ್ ಟ್ರೇನಿನಲ್ಲಿ ಸೀಟು ಸಿಕ್ಕವರ ಹಾಗೆ, ಸುಮ್ಮನೆ ಕೂತು ಬರುತ್ತದೆ.

ಮರುದಿನ ಮನೀಷನಿಗೆ ಡಬ್ಬಿ ಎತ್ತಲು ಎರಡೂ ಕೈ ಬೇಕಾದವು. ಮಿಸ್ ಸೀಟಿ ಊದಿದರು. ರಮಿತಾಳ ಡಬ್ಬಿ ಗೋಡೆಗೆ ಬಡಿದಾಗ ಮನೀಷನದು ಇನ್ನೂ ಒಂದು ಮೊಳ ಹಿಂದಿತ್ತು. ಕ್ಲಾಸಿಗೆ ಕ್ಲಾಸೇ ಬೆಂಚು ಬಡಿಯಿತು.

"ಅಂದರ್ ಕ್ಯಾ ಹೈ?" ಒಳಗೇನಿದೆ ಎಂದು ಮನೀಷ್ ಅವಳ ಡಬ್ಬಿಯನ್ನು ಮೂಸಿ ನೋಡಿದ.

ಬರೀ ನೀರು ಎಂದುಬಿಡೋಣ ಎನ್ನಿಸಿತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ರಮಿತಾ ಅದನ್ನು ನುಂಗಿಕೊಂಡಳು.

"ನೀರುದೋಸೆ ಹಿಟ್ಟು," ಎಂದಳು, ಕೊನೆಯ ಬೆಂಚಿಗೂ ಕೇಳುವ ಹಾಗೆ. "ನಮ್ಮ ಹೋಟೆಲಿಂದು. ನಮ್ಮಜ್ಜಿ ರುಬ್ಬಿದ್ದು."

ಹೇಳಿ ಕಾದಳು. ನಾಚಿಕೆ ಬರಲೇ ಇಲ್ಲ.