ಕುರ್ಚಿಸಾಲು

ಆ ತರಗತಿಯಲ್ಲಿ ಮೂರು ಸಾಲುಗಳಿದ್ದವು. ಮುಂದೆ ಚಾಪೆಯವರು, ನಡುವೆ ನಿಲ್ಲುವವರು, ಹಿಂದೆ ಕಿಟಕಿಯ ಪಕ್ಕ ಕುರ್ಚಿಯವರು. ನಿಮ್ಮ ದೇಹ ಎಲ್ಲಿ ಅನ್ನುತ್ತದೋ ಅಲ್ಲಿರಿ ಎನ್ನುತ್ತಿದ್ದರು ಟೀಚರ್. ಬೇಕರಿಯವಳ ದೇಹ ಎಷ್ಟೋ ದಿನದಿಂದ ಎದ್ದು ನಿಲ್ಲು ಎನ್ನುತ್ತಿತ್ತು. ಅವಳು ಕೇಳಿಯೂ ಕೇಳಿಸದವಳಂತೆ ಕುರ್ಚಿಯಲ್ಲೇ ಕೂತಿದ್ದಳು.

ಹಿಟ್ಟಿನ ಮೂಟೆ ಇಳಿಸಲು ಹೋಗಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ಡಾಕ್ಟರೇ ಅವಳನ್ನು ಇಲ್ಲಿಗೆ ಕಳಿಸಿದ್ದರು. ಗ್ರಂಥಾಲಯದ ಹಿಂದಿನ ಹಾಲ್, ಸಂಜೆ ಹೊತ್ತು, ಯೋಗ ಮತ್ತು ಚೀಗಾಂಗ್. ಯಾರು ಬೇಕಾದರೂ ಬರಬಹುದು, ಆದಷ್ಟು ಮಾಡಬಹುದು. ಚೀಗಾಂಗ್ ಎಂದರೆ ನೀರಿನೊಳಗೆ ಕೈಯಾಡಿಸಿದಂತೆ ಗಾಳಿಯಲ್ಲಿ ಕೈಯಾಡಿಸುವುದು, ಉಸಿರಿಗಿಂತ ಮುಂದೆ ಓಡದಿರುವುದು. ಅವಳು ಮನೆಯಲ್ಲಿ ಮಾಡಿ ತೋರಿಸಿದಾಗ ಅಕ್ಕ, "ಹಿಟ್ಟಿಲ್ದೆ ನಾದೋದು ಅಷ್ಟೇ ತಾನೆ?" ಎಂದಿದ್ದಳು.

ಮೂಳೆ ಕೂಡಿತು. ಬೆಳಗ್ಗೆಯೆಲ್ಲ ಅವಳು ಒಲೆಯ ಮುಂದೆ ನಿಂತೇ ಇರುತ್ತಿದ್ದಳು. ಸಂಜೆಯಾದರೆ ಮಾತ್ರ ಹೋಗಿ ಕುರ್ಚಿಸಾಲಿನಲ್ಲಿ ಕೂರುತ್ತಿದ್ದಳು.

"ನಿನ್ನ ಕಾಲು ಸರಿಹೋಯ್ತು ಕಣೇ," ಎಂದಳು ಅಕ್ಕ ಒಂದು ದಿನ. "ಈಗ ಕೆಟ್ಟಿರೋದು ಬೇರೆ ಏನೋ."

ಕೆಟ್ಟಿದ್ದಕ್ಕೆ ಕಾರಣ ಪಕ್ಕದ ಕುರ್ಚಿ. ಅಲ್ಲಿ ಕನ್ನಡಕದಂಗಡಿಯವನು ಕೂರುತ್ತಿದ್ದ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಬೆರಳುಗಳು ತೆಳು, ಮಾತು ಇನ್ನೂ ತೆಳು. ಅವನ ಕುರ್ಚಿಗೆ ಬಾಗಿದ ಹಿಡಿಯ ಕೋಲೊಂದು ಒರಗಿರುತ್ತಿತ್ತು. ಕ್ಲಾಸ್ ಮುಗಿದೊಡನೆ ಅವನ ಸೋದರತ್ತೆ ಚಾಪೆ ಸುತ್ತಿ ಬಿರಬಿರನೆ ಬಸ್ ಸ್ಟಾಪಿಗೆ ನಡೆದುಬಿಡುತ್ತಿದ್ದರು. ಹಿಂದಿನಿಂದ ಅವನು ಕೋಲೂರಿಕೊಂಡು ಕುಂಟುತ್ತ ಹೋಗುತ್ತಿದ್ದ. ಒಂದು ವಾರ ಎಡಗಾಲು, ಇನ್ನೊಂದು ವಾರ ಬಲಗಾಲು. ಪಾಪ, ಎರಡೂ ಹೋಗಿವೆಯಲ್ಲ ಎಂದು ಅವಳ ಕರುಳು ಚುರ್ ಎನ್ನುತ್ತಿತ್ತು. ಏನಾಯಿತು ಎಂದು ಅವಳು ಕೇಳಿರಲಿಲ್ಲ. ಮುರಿದದ್ದನ್ನು ಊರೆಲ್ಲ ಕೇಳುತ್ತದೆ, ಕೇಳದವರು ಒಬ್ಬರಾದರೂ ಇರಲಿ ಎಂದುಕೊಂಡಿದ್ದಳು.

ಕುರ್ಚಿಸಾಲಿನ ಉಳಿದವರು ಇಬ್ಬರು ಅಜ್ಜಂದಿರು. ಉಸಿರಾಟದ ಪಾಠ ಶುರುವಾದರೆ ಸಾಕು, ಗೊರಕೆ ಹೊಡೆಯುತ್ತಿದ್ದರು. ತಾನು ಎದ್ದು ಹೋದರೆ ಅವನಿಗೆ ಗೊರಕೆಯೇ ಗತಿ.

ಒಂದು ಸಂಜೆ ಟೀಚರ್, "ಪಕ್ಕದವರ ಕಡೆ ತಿರುಗಿ," ಎಂದರು. "ಅಂಗೈಗೆ ಅಂಗೈ ಎದುರು ಹಿಡೀರಿ. ತಾಗಬಾರದು. ಬಿಸಿ ಗೊತ್ತಾಗುವಷ್ಟು ಹತ್ತಿರ, ಅಷ್ಟೇ."

ಅವನು ತಿರುಗಿದ. ನಾಲ್ಕು ಕೈಗಳು ಗಾಳಿಯಲ್ಲಿ ನಿಂತವು. ಅವನು ಅವಳ ಮುಖ ನೋಡಲಿಲ್ಲ. ಅವಳ ಮಣಿಕಟ್ಟಿಗೆ ಅಂಟಿ ಉಳಿದಿದ್ದ ಹಿಟ್ಟನ್ನು ನೋಡಿದ.

"ನಿಮ್ಮ ಕೈ ಒಲೆ ಥರ ಇದೆ," ಎಂದು ಪಿಸುಗುಟ್ಟಿದ.

"ದಿನವೆಲ್ಲ ಅದರ ಜೊತೆನೇ ಇರ್ತೀನಲ್ಲ. ನಿಮ್ಮದು ನಿಮ್ಮ ಗಾಜಿನ ಥರಾನೇ ತಣ್ಣಗಿದೆ."

"ಉಜ್ಜಿದ್ರೆ ಬಿಸಿಯಾಗುತ್ತೆ."

ಹೇಳಿದ ಮೇಲೆ ಅವನ ಕಿವಿ ಕೆಂಪಾಯಿತು. "ಗಾಜು. ಗಾಜಿನ ವಿಷಯ ಹೇಳಿದ್ದು."

"ನಾನೂ ಗಾಜೇ ಅಂದ್ಕೊಂಡೆ," ಎಂದಳು ಅವಳು, ತುಟಿಯಂಚಿನ ನಗೆಯನ್ನು ಹಲ್ಲಿನಲ್ಲಿ ಹಿಡಿದು.

"ಕೊನೇ ಸಾಲು, ಉಸಿರು ಬಿಡಿ," ಎಂದರು ಟೀಚರ್. "ಹಿಡ್ಕೊಂಡು ಕೂರಬೇಡಿ."

ಅದೇ ಸಂಜೆ ಕೊನೆಯಲ್ಲಿ ಸುದ್ದಿ ಬಂತು. ಈ ಜಾಗವನ್ನು ಬೇರೆಯವರೂ ಕೇಳಿದ್ದಾರೆ, ಇನ್ನು ಮುಂದೆ ಎಲ್ಲರೂ ಒಟ್ಟಿಗೆ ಆಗದು. ಕುರ್ಚಿಯವರಿಗೆ ಬೆಳಗ್ಗೆ, ನಿಲ್ಲುವವರಿಗೂ ಚಾಪೆಯವರಿಗೂ ಸಂಜೆ.

ಬೆಳಗ್ಗೆ ಎಂದರೆ ಬ್ರೆಡ್ ಒಲೆಯಿಂದ ಇಳಿಯುವ ಹೊತ್ತು.

"ನಿಮಗೆ ಬೆಳಗ್ಗೆ ಆಗಲ್ಲ ಅಲ್ವಾ?" ಎಂದ ಅವನು.

"ಆಗಲ್ಲ. ನಿಮಗೆ?"

ಅವನು ಏನೋ ಹೇಳಲು ಬಾಯಿ ತೆರೆದ. ಕೋಲಿನ ಕಡೆ ನೋಡಿದ. ಬಾಯಿ ಮುಚ್ಚಿದ. "ನೋಡ್ಬೇಕು," ಎಂದ.

ಆ ವಾರವೆಲ್ಲ ಅವಳು ಹಿಟ್ಟು ನಾದುತ್ತ ಅದನ್ನೇ ನಾದಿದಳು. ಎದ್ದು ನಿಂತರೆ ಸಂಜೆ ಉಳಿಯುತ್ತದೆ, ಅವನು ಉಳಿಯುವುದಿಲ್ಲ. ಕೂತರೆ ಎರಡೂ ಇಲ್ಲ. ನಿಜ ಹೇಳೋಣವೆಂದರೆ, ನಿಮ್ಮ ಮೇಲೆ ಕನಿಕರಪಟ್ಟು ಇಷ್ಟು ದಿನ ಕೂತಿದ್ದೆ ಎಂದಂತಾಗುತ್ತದೆ. ಯಾವ ಗಂಡಸು ಅದನ್ನು ಕೇಳಿ ಸುಮ್ಮನಿದ್ದಾನು? ಆದರೆ ಅದು ಕನಿಕರವೇ ಆಗಿತ್ತೇ? ಅವನೊಬ್ಬನೇ ಆಗುತ್ತಾನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಒಬ್ಬಳೇ ಆಗುವವಳು ಯಾರೆಂದು ಈಗ ತಿಳಿಯಿತು. ಆ ದಿನ ಬ್ರೆಡ್ಡಿನ ತಳ ಸೀದುಹೋಯಿತು. ಅಕ್ಕ ಏನೂ ಅನ್ನಲಿಲ್ಲ. ಅಕ್ಕ ಏನೂ ಅನ್ನದಿದ್ದರೆ ವಿಷಯ ಗಂಭೀರವೆಂದೇ ಅರ್ಥ.

ಎಲ್ಲರೂ ಒಟ್ಟಿಗಿದ್ದ ಕೊನೆಯ ಸಂಜೆ ಟೀಚರ್, "ಇನ್ನು ಸಂಜೆ ಬರೋರೆಲ್ಲ ಇವತ್ತೇ ಮುಂದಿನ ಸಾಲುಗಳಿಗೆ ಬಂದುಬಿಡಿ," ಎಂದರು.

ಅವಳು ಎದ್ದಳು. ಎರಡು ಕಾಲ ಮೇಲೂ ಸಮನಾಗಿ, ಕಳ್ಳಿ ಸಿಕ್ಕಿಬಿದ್ದಂತೆ ನಿಂತಳು.

"ನನ್ನ ಕಾಲು ಸರಿಹೋಗಿ ಎಷ್ಟೋ ದಿನ ಆಯ್ತು," ಎಂದಳು ಅವನ ಕಡೆ ನೋಡದೆ. "ಕ್ಷಮಿಸಿ."

"ಮತ್ತೆ ಯಾಕೆ ಕೂತಿದ್ರಿ?"

"ನೀವೊಬ್ರೇ ಆಗ್ತೀರಲ್ಲ ಅಂತ."

ಅಷ್ಟು ಹೇಳಿ ನಡೆದುಬಿಟ್ಟಳು. ಹಿಂದೆ ಕುರ್ಚಿ ಕಿರ್ರೆಂದಿತು. ಕೋಲು ನೆಲಕ್ಕೆ ಬಿದ್ದು ಉರುಳಿತು.

ತಿರುಗಿ ನೋಡಿದರೆ ಅವನು ಕೋಲಿಲ್ಲದೆ ನಿಂತಿದ್ದ.

"ಅಯ್ಯೋ, ಬೀಳ್ತೀರಾ!" ಅವಳು ಓಡಿಹೋಗಿ ಎರಡೂ ತೋಳು ಹಿಡಿದುಕೊಂಡಳು.

"ಅವನ್ಯಾಕೆ ಬೀಳ್ತಾನೆ?" ಚಾಪೆಯ ಮೇಲೆ ಒಂದು ಕಾಲನ್ನು ಸೂರಿಗೆ ಎತ್ತಿ ಮಲಗಿದ್ದ ಸೋದರತ್ತೆ ಅಲ್ಲಿಂದಲೇ ಕೂಗಿದರು. "ಕುದುರೆ ಹಾಗಿದ್ದಾನೆ! ಏ, ನನ್ನ ಕೋಲು ಎತ್ತೋ, ಪಾಲಿಶ್ ಹೋದೀತು!"

ನಡುಸಾಲಿನಲ್ಲಿ ಯಾರೋ ಕೆಮ್ಮಿದರು. ಒಬ್ಬ ಅಜ್ಜ ಎಚ್ಚರಾದ.

"ನಿಮ್ಮತ್ತೆ ಕೋಲಾ?" ಎಂದಳು ಅವಳು. ತೋಳು ಬಿಡಲು ಮರೆತಿದ್ದಳು.

"ಬಸ್ಸಲ್ಲಿ ಸೀಟು ಸಿಗಲಿ ಅಂತ ಇಟ್ಕೊಂಡಿದಾರೆ. ಮೊದಲ ದಿನ ಅವರನ್ನ ಬಿಡೋಕೆ ಬಂದು, ಅದನ್ನ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ. ಟೀಚರ್ ಬಂದು ತೋಳು ಹಿಡಿದು, ನಿಧಾನ ನಿಧಾನ ಅಂತ ಕರ್ಕೊಂಡ್ಹೋಗಿ ಕೂರಿಸಿದ್ರು. ಅಷ್ಟು ಅಕ್ಕರೆಯಿಂದ ಕೂರಿಸಿದವರಿಗೆ ನಂಗೇನೂ ಆಗಿಲ್ಲ ಅಂತ ಹೇಗೆ ಹೇಳೋದು?"

"ಎರಡನೇ ದಿನ ಹೇಳಬಹುದಿತ್ತು."

"ಎರಡನೇ ದಿನ ಪಕ್ಕದಲ್ಲಿ ನೀವು ಬಂದು ಕೂತ್ರಿ."

ಅವಳಿಗೆ ಸಿಟ್ಟು ಬರಬೇಕಿತ್ತು. ಹೊರಟೂ ಇತ್ತು. ಆದರೆ ತಾನೇ ಸುಳ್ಳಿಯಾಗಿ ಅವನ ಮೇಲೆ ಸಿಟ್ಟಾಗುವುದು ಯಾವ ನ್ಯಾಯ? ಸಿಟ್ಟು ದಾರಿಯಲ್ಲೇ ನಗೆಯಾಗಿಬಿಟ್ಟಿತು.

"ಒಂದು ವಾರ ಎಡಗಾಲು, ಒಂದು ವಾರ ಬಲಗಾಲು ಕುಂಟ್ತಿದ್ರಲ್ರೀ!"

"ಯಾವುದು ಅಂತ ಮರೆತುಹೋಗ್ತಿತ್ತು."

"ನಾನು ಎರಡಕ್ಕೂ ಸೇರಿಸಿ ಮರುಗಿದ್ದೀನಿ. ಗೊತ್ತಾ?"

"ಗೊತ್ತಿರಲಿಲ್ಲ." ಅವನ ದನಿ ತಗ್ಗಿತು. "ನೀವಿನ್ನು ಬರೋದೇ ಇಲ್ಲ ಅಂದ್ಕೊಂಡಿದ್ದೆ. ಈ ವಾರ ಒಂದು ಗಾಜೂ ಸರಿಯಾಗಿ ಕೂರಲಿಲ್ಲ."

"ನಂದು ಬ್ರೆಡ್ ಸೀದುಹೋಯ್ತು."

ಹೇಳಬೇಕಾದದ್ದೆಲ್ಲ ಅಲ್ಲಿಗೆ ಹೇಳಿ ಮುಗಿದಿತ್ತು. ಕೂತಾಗ ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಇರುತ್ತಿದ್ದವು. ಈಗ ಅವಳು ತುಸು ತಲೆ ಬಾಗಿಸಬೇಕಾಗಿತ್ತು.

"ನೀವು ಇಷ್ಟು ಎತ್ತರ ಅಂತ ಗೊತ್ತಿರಲಿಲ್ಲ," ಎಂದ ಅವನು.

"ಕೂತೇ ಇರಬೇಕಿತ್ತಾ?"

"ಬೇಡ. ಹೀಗೇ ಚೆನ್ನಾಗಿದೆ."

"ಆಯ್ತಾ ನಿಮ್ಮದು?" ಎಂದರು ಟೀಚರ್. "ನಡುಸಾಲಿಗೆ ಬನ್ನಿ ಇಬ್ಬರೂ. ಅಂಗೈಗೆ ಅಂಗೈ. ತಾಗಬಾರದು."

ನಡುಸಾಲಿನಲ್ಲಿ ಅವರು ಎದುರುಬದುರು ನಿಂತರು. ಮೊದಲು ಬಿಸಿ ಬಂತು. ಅವಳು ಕಾದಳು, ಒಲೆಯ ಬಾಗಿಲು ತೆಗೆಯುವ ಮುಂಚೆ ಕಾಯುವಂತೆ. ಆಮೇಲೆ ಅವಳೇ ಆ ಒಂದಿಷ್ಟು ಗಾಳಿಯನ್ನು ದಾಟಿದಳು. ಅವನ ಅಂಗೈ ತಣ್ಣಗಿತ್ತು, ತುಸು ಹೊತ್ತಿಗೆ ತಣ್ಣಗಿರಲಿಲ್ಲ.

ಟೀಚರ್ ನೋಡಿದರು. "ಎಲ್ಲರೂ ಕಣ್ಣು ಮುಚ್ಚಿ," ಎಂದರು.

"ನಾನಂತೂ ಮುಚ್ಚಲ್ಲಪ್ಪ," ಎಂದರು ಚಾಪೆಯ ಮೇಲಿಂದ ಸೋದರತ್ತೆ.