ಕೆರೆದಂಡೆಯ ಖೋಲಿ

“ನಾ ಮಾಡಿಲ್ರಿ ಸಾಹೇಬ್ರ. ನಾ ಮಾಡಿಲ್ಲ ಅನ್ನೂದನ್ನ ತೋರಿಸಿಕೊಡ್ರಿ, ಅಷ್ಟ ಸಾಕು.”

ಜಿನ್ನಪ್ಪನವರ ಪಡಸಾಲೆಯಲ್ಲಿ ಕೂತು ಭಾಗ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡಾಗ, ಕೈಯಲ್ಲಿದ್ದ ಚಹಾದ ಕಪ್ಪನ್ನು ಎಲ್ಲಿಡಬೇಕೆಂದು ಭೀಮಸಿಗೆ ತೋಚಲಿಲ್ಲ. ಅದು 2009ರ ಮೇ ತಿಂಗಳು. ಚಿಕ್ಕೋಡಿ ಕೋರ್ಟಿನಲ್ಲಿ ಮೂವತ್ತು ವರ್ಷ ಮರಾಠಿ ದಸ್ತಾವೇಜುಗಳನ್ನು ಕನ್ನಡಕ್ಕೆ ತಂದು ನಿವೃತ್ತರಾಗಿದ್ದ ಜಿನ್ನಪ್ಪ ಸುತ್ತಲಿನ ಊರುಗಳಿಗೆಲ್ಲ ಸಂಬಳವಿಲ್ಲದ ಪತ್ತೇದಾರರು. ಕೋರ್ಟಿನೆದುರು ಟೈಪು ಮಾಡುವ ಭೀಮಸಿ ಅವರು ಕರೆದಾಗಲೆಲ್ಲ ಮಷಿನ್ನಿಗೆ ಬಟ್ಟೆ ಮುಚ್ಚಿ ಬೆನ್ನು ಹತ್ತುತ್ತಿದ್ದ. ಅದಕ್ಕೆ ಹೆಂಡತಿಯಿಂದ ಬೈಗುಳವೂ ಸರಿಯಾಗಿ ಬೀಳುತ್ತಿತ್ತು.

ಭಾಗ್ಯಾ ಉಗಾರ ಖುರ್ದದವಳು. ಗಂಡ ತೀರಿದ ಮೇಲೆ ತವರಿಗೆ ಬಂದು ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ತಂದೆ ದಾದಾಸಾಹೇಬ, ತಾಯಿ ದ್ರೌಪದಿ, ತಮ್ಮ ಸುಧೀರ, ಅವನ ಹೆಂಡತಿ ಉಜ್ವಲಾ ಮತ್ತು ಇಬ್ಬರು ಮಕ್ಕಳು. ಏಳೂ ಜನ ಕೂಡಿ ಮಹಾಬಳೇಶ್ವರಕ್ಕೆ ಹೋಗಬೇಕೆಂದು ಸುಧೀರ ಎರಡು ತಿಂಗಳಿಂದ ತಯಾರಿ ನಡೆಸಿದ್ದ. ಬೆಟ್ಟದ ಮೇಲಿನ ಕೆರೆಯ ದಂಡೆಗೆ ಒಂದೇ ಕೋಣೆಯ ಕಟ್ಟಿಗೆಯ ಮನೆ, ಮೂರು ದಿನ. ಈ ಮನೆಯವರು ಒಟ್ಟಿಗೆ ಎಲ್ಲಿಗಾದರೂ ಹೊರಟದ್ದು ಅದೇ ಮೊದಲು.

“ಹೊರಡೂ ಮುಂಜಾನೆ ಸುಧ್ಯಾ ಅಲ್ಲಿಗೆ ಫೋನ್ ಹಚ್ಚಿದ್ರ, ‘ನಿಮ್ಮ ಮನೀ ಹೆಣಮಗಳ ನಿನ್ನೆ ಬ್ಯಾಡ ಅಂದ್ರು, ಬ್ಯಾರೇದವರಿಗೆ ಕೊಟ್ಟೆ’ ಅಂದಾರ. ಸೀಜನ್ನದಾಗ ಮತ್ತೆಲ್ಲಿ ಸಿಗತೈತ್ರಿ? ಮನ್ಯಾಗ ಇದ್ದಾವ್ರು ಮೂರ ಹೆಣಮಕ್ಳ. ಉಜ್ವಲಾ ಬ್ಯಾಗ್ ತುಂಬಾಕತ್ತಿದ್ಳು. ಅವ್ವ ಥಂಡಿಗಂತ ತಿಂಗಳಗಟ್ಲೆ ಕೂತು ಕೌದಿ ಹೊಲದಾಳ. ಏಳ ಮಂದಿಗೆ ಒಂದ ಖೋಲಿ ಸಣ್ಣದಾಗತೈತಿ ಅಂತ ಹಿಂದಿನ ದಿನ ಅಂದಾಕಿ ನಾ ಒಬ್ಬಾಕಿನ.”

“ತಮ್ಮ ಏನಂದ?”

“‘ನಿನ್ನ ಬಾಳೆ ಹಾಳಾತಂತ ನನ್ನ ಹುಡುಗುರ ಖುಷಿನೂ ಹಾಳ ಮಾಡ್ತಿ?’ ಅಂದ.” ಭಾಗ್ಯಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಹಾರೂಗೇರ್ಯಾಗ ಬಾಡಿಗಿ ಮನಿ ನೋಡೇನ್ರಿ. ರವಿವಾರ ಹೋಗಾಕಿ. ಆದ್ರ ಮಾಡದ ತಪ್ಪ ಹೊತ್ಕೊಂಡ ಹೋಗೂದ ಬ್ಯಾಡ.”

ಭೀಮಸಿಗೆ ಸಿಟ್ಟು ಬಂತು. ವಿಧವೆ ಅಕ್ಕನಿಗೆ ಅಂಥ ಮಾತಾಡಿದವನ ಮುಖ ನೋಡಬಾರದು ಅನ್ನಿಸಿತು. ಜಿನ್ನಪ್ಪನವರಿಗೆ ಸಿಟ್ಟೂ ಇಲ್ಲ, ಮರುಕವೂ ಇಲ್ಲ. ಕಟ್ಟಿಗೆಯ ಮನೆಯವರ ನಂಬರು ಈಸಿಕೊಂಡು ತಾವೇ ಫೋನು ಹಚ್ಚಿದರು. ಹೆಂಗಸು ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಬೇಕೆಂದು ಮರಾಠಿಯಲ್ಲಿ ಮೂರು ಸಲ ಕೇಳಿ, ಒಂದು ಚೀಟಿಯ ಮೇಲೆ ಬರೆದುಕೊಂಡು ಭೀಮಸಿಯತ್ತ ತಳ್ಳಿದರು.

ಹೆಂಗಸು ಕೇಳಿದ್ದು: ‘ತಳ್ಯಾಚಿ ಖೋಲಿ ಕಿತಿ?’ ಕೆರೆಯ ಖೋಲಿ ಎಷ್ಟು? ಮಾಲೀಕ ಹೇಳಿದ್ದು: ಹನ್ನೆರಡು-ಹದಿನೈದು ಫೂಟು. ಹೆಂಗಸು: ‘ಏವಢೀ?’ ಇಷ್ಟೊಂದಾ? ಆಮೇಲೆ: ‘ನಕೋ, ಆಮ್ಹಿ ಯೇತ ನಾಹಿ.’ ಬೇಡ, ನಾವು ಬರುವುದಿಲ್ಲ.

“ಖೋಲಿ ಸಣ್ಣದಾತಂತ ಬ್ಯಾಡ ಅಂದಾರ. ಅಷ್ಟ ಅಲ್ರಿ?” ಎಂದ ಭೀಮಸಿ.

“ಇನ್ನೊಮ್ಮಿ ಓದು,” ಎಂದರು ಜಿನ್ನಪ್ಪ. ಭೀಮಸಿ ಇನ್ನೊಮ್ಮೆ ಓದಿದ. ಏನೂ ಹೊಳೆಯಲಿಲ್ಲ.

ಶನಿವಾರ ಮಧ್ಯಾಹ್ನ ಇಬ್ಬರೂ ಉಗಾರಕ್ಕೆ ಹೋದರು. ಓಣಿಯ ತುದಿಗೆ ಕೃಷ್ಣಾ ಹೊಳೆ ಕಾಣುತ್ತಿತ್ತು. ಅಕ್ಕಪಕ್ಕದ ಹೆಂಗಸರೆಲ್ಲ ಬುಟ್ಟಿ ಹೊತ್ತು ಬಟ್ಟೆ ಒಗೆಯಲು ಅತ್ತ ಹೊರಟಿದ್ದರು. ದ್ರೌಪದಿ ಮಾತ್ರ ಅಂಗಳದಲ್ಲೇ ಕೂತು, ಕೊಡದಿಂದ ಒಂದೊಂದೇ ತಂಬಿಗೆ ನೀರು ಸುರುವಿಕೊಂಡು ಒಗೆಯುತ್ತಿದ್ದಳು. ಹೊಳೆಯಲ್ಲಿ ಈಜಲು ಬರುತ್ತದೆಯೇ ಎಂದು ಜಿನ್ನಪ್ಪ ಮೊಮ್ಮಗನನ್ನು ಕೇಳಿದರು.

“ಹೊಳಿಗೆ ಹ್ವಾದ್ರ ಅಜ್ಜಿ ಬಡಿತಾಳ್ರಿ. ನಾವು ಒಮ್ಮಿನೂ ಹೋಗಿಲ್ಲ.”

ಒಳಗೆ ಬಂದು ದ್ರೌಪದಿಯ ತವರು ಯಾವುದೆಂದು ವಿಚಾರಿಸಿದರು. ಶಿರೋಳ ಕಡೆ, ಮರಾಠಿ ನಾಲ್ಕನೇ ಇಯತ್ತೆಯವರೆಗೆ ಓದಿದ್ದಾಳೆ ಎಂದು ದಾದಾಸಾಹೇಬ ಹೇಳಿದರು. “ನಿಮಗೆಷ್ಟ ಮಕ್ಕಳ್ರಿ?” ಎಂಬ ಸಾದಾ ಪ್ರಶ್ನೆಗೆ ಮುದುಕ ಹೆಂಡತಿಯ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, “ಎರಡ್ರಿ,” ಎಂದರು. ಎರಡು ಎಣಿಸಲು ಇಷ್ಟು ಹೊತ್ತೇಕೆ ಎಂದು ಭೀಮಸಿಗೂ ಅನ್ನಿಸಿತು.

ಜಿನ್ನಪ್ಪ ಮಕ್ಕಳನ್ನು ಹೊರಗೆ ಆಡಲು ಕಳಿಸಿ ಉಳಿದವರನ್ನೆಲ್ಲ ಕೂರಿಸಿದರು. ಬಾಗಿಲ ಪಕ್ಕದಲ್ಲಿ ಭಾಗ್ಯಾಳ ಟ್ರಂಕು ತಯಾರಾಗಿ ನಿಂತಿತ್ತು.

“ಸುಧೀರ, ಖೋಲಿ ಸಣ್ಣದು ಅಂತ ಸಿಟ್ಟ ಬಂದಾಕಿ ಮರಾಠಿಯೊಳಗ ಏನಂತಾಳ? ‘ಏವಢೀಚ?’ ಅಂತಾಳ. ಇಷ್ಟ ಏನು, ಅಂತ. ಫೋನ್ ಮಾಡಿದಾಕಿ ‘ಏವಢೀ?’ ಅಂದಾಳ. ಇಷ್ಟೊಂದಾ, ಅಂತ. ಆಕಿಗೆ ಹದಿನೈದು ಫೂಟ ಕಡಿಮಿ ಆಗಿಲ್ಲ, ಭಾಳ ಆಗೇತಿ.”

“ಖೋಲಿ ದೊಡ್ಡದಾದ್ರ ಯಾರರ ಬ್ಯಾಡ ಅಂತಾರ್ರಿ?” ಎಂದ ಸುಧೀರ.

“ಆಕಿ ಮನಿ ಖೋಲಿ ಕೇಳ್ಲೇ ಇಲ್ಲೋ. ನಮ್ಮ ಕನ್ನಡದಾಗ ಖೋಲಿ ಅಂದ್ರ ಬರೇ ಕೋಣಿ. ಮರಾಠಿಯೊಳಗ ಅದ ಮಾತಿಗೆ ಆಳ ಅಂತಾನೂ ಅರ್ಥ ಐತಿ. ಆಕಿ ಕೆರಿ ಎಷ್ಟ ಆಳ ಐತಿ ಅಂತ ಕೇಳ್ಯಾಳ. ಅಂವ ಕೋಣಿ ಅಳತಿ ಹೇಳ್ಯಾನ. ಕನ್ನಡ ಸಾಲಿ ಕಲತ ಭಾಗ್ಯಾ ಆಗಲಿ, ಉಜ್ವಲಾ ಆಗಲಿ ಆಳಕ್ಕ ಖೋಲಿ ಅನ್ನೂದಿಲ್ಲ. ಮರಾಠಿ ಸಾಲಿ ಕಲತಾಕಿ ಈ ಮನ್ಯಾಗ ಒಬ್ಬಾಕಿ. ಹೊಳಿ ಇಷ್ಟ ಹತ್ತರ ಇದ್ರೂ ಅಂಗಳದಾಗ ಬಟ್ಟಿ ಒಗಿಯಾಕಿ. ಮೊಮ್ಮಕ್ಕಳನ್ನ ನೀರಿನ ಕಡೆ ಬಿಡದಾಕಿ. ಯಾಕ ಅನ್ನೂದು ನನಗ ಪೂರ್ತಿ ಗೊತ್ತಿಲ್ಲ. ದಾದಾಸಾಹೇಬ್ರು ಎರಡು ಅನ್ನೂಮುಂದ ತಡದ್ರಲ್ಲ, ಅಲ್ಲೇ ಐತಿ ಅನಸ್ತೈತಿ.”

ದ್ರೌಪದಿ ನೆಲ ನೋಡುತ್ತಲೇ ಮಾತಾಡಿದಳು.

“ಥಂಡಿ ಊರು ಅಂತ ಅಷ್ಟ ಗೊತ್ತಿತ್ರಿ. ಕೆರಿ ಐತಿ ಅಂತ ಗೊತ್ತಿರಲಿಲ್ಲ. ಹಿಂದಿನ ದಿನ ಸುಧ್ಯಾ ಫೋಟೋ ತೋರಿಸಿದ. ಬಾಗಲಾ ತಗದ್ರ ನೀರು. ಹುಡುಗುರು ದೋಣ್ಯಾಗ ಕೂಡ್ತೀವಿ ಅಂತ ಕುಣದ್ವು. ಹದಿನೈದ ಫೂಟ ಅಂದ್ನಲ್ರಿ ಅಂವಾ. ಬ್ಯಾಡ ಅಂತ ಹೇಳಿ ಫೋನ್ ಇಟ್ಟೆ.”

“ನಾನ ಕರಕೊಂಡ ಹೋಗಿದ್ದೆ,” ಎಂದರು ದಾದಾಸಾಹೇಬ. ಅವರ ದನಿ ಬೇರೆ ಯಾರದೋ ದನಿಯಂತಿತ್ತು. “ಸೈಕಲ್ ತೊಳಿಯಾಕ ಹೊಳಿಗೆ ಹೋಗಿದ್ದೆ. ದಂಡಿ ಮ್ಯಾಲ ಕುಂದರ್ಸಿದ್ದೆ. ಹೊಳ್ಳಿ ನೋಡೂದ್ರಾಗ ಇರಲಿಲ್ಲ. ಮೂವತ್ಮೂರ ವರ್ಷ ಆತು. ನಮ್ಮ ಮೊದಲನೇ ಮಗ, ಆರ ವರ್ಷದಾಂವ. ಸುಧೀರಾ, ನೀ ಇನ್ನೂ ಹುಟ್ಟಿರಲಿಲ್ಲ.”

“ನಮಗ್ಯಾಕ ಹೇಳಲಿಲ್ಲ?” ಸುಧೀರ ಅಳುತ್ತಿದ್ದ.

“ಆ ಮಾತ ಬಂದ್ರ ಇವರು ಅನ್ನಾ ಬಿಡ್ತಾರ,” ಎಂದಳು ದ್ರೌಪದಿ. “ಆಗ ವರ್ಷಗಟ್ಲೆ ಹಂಗ ಇದ್ರು. ಅದಕ್ಕ ಬಾಯಿ ಬಿಡಲಿಲ್ಲ. ಮಗಳ ಮ್ಯಾಲ ಬಂತು. ಬರಲಿ ಅಂತ ಸುಮ್ನಾದೆ.”

ಈ ಒಂದು ಮಾತು ಕೇಳಬಾರದಿತ್ತು ಎಂದು ಭೀಮಸಿಗೆ ಅನ್ನಿಸಿತು. ಭಾಗ್ಯಾ ಬೇಡಿಕೊಂಡು ಬಂದದ್ದು ಅವಳಿಗೆ ಸಿಕ್ಕಿತ್ತು. ಅದರ ಜೊತೆಗೆ, ಗಂಡನೋ ಮಗಳೋ ಎಂಬಲ್ಲಿ ತಾಯಿ ಯಾರನ್ನು ಬಿಟ್ಟುಕೊಟ್ಟಳು ಎಂಬುದೂ ಸಿಕ್ಕಿತ್ತು. ಜಿನ್ನಪ್ಪ ಚೀಟಿಯನ್ನು ಮಡಚಿ ಜೇಬಿಗಿಟ್ಟರು. ಗೆದ್ದ ಮುಖ ಅವರದಾಗಿರಲಿಲ್ಲ.

ಸುಧೀರ ಎದ್ದು ಅಕ್ಕನ ಟ್ರಂಕನ್ನು ಒಳಗೆ ಎಳೆಯಲು ಹೋದ. ಭಾಗ್ಯಾ ಅವನ ಕೈ ಸರಿಸಿ, ತಾನೇ ಎತ್ತಿ ಒಳಗಿಟ್ಟು ಬಂದಳು.

“ನಾ ಹೋಗೂದಿಲ್ಲವ್ವಾ. ಆದ್ರ ಇವತ್ತ ನನ್ನ ಮಾತಾಡಸಬ್ಯಾಡ.”

ದ್ರೌಪದಿ ತಲೆಯಾಡಿಸಿದಳು. ಭಾಗ್ಯಾ ಅಡುಗೆ ಮನೆಗೆ ಹೋದವಳು ಹೊಸ್ತಿಲಲ್ಲೇ ನಿಂತಳು. ತಿರುಗದೆಯೇ ಕೇಳಿದಳು:

“ಅಂವ ನನಗಿಂತ ದೊಡ್ಡಾಂವ?”

“ನಾಕ ವರ್ಷಕ್ಕ.”

“ಅಂದ್ರ ನಾ ನೋಡೇನಿ ಅವನ್ನ.”

“ನೋಡೀದಿ,” ಎಂದಳು ದ್ರೌಪದಿ. “ನಿನ್ನ ಬಗಲಾಗ ಎತ್ಕೊಂಡ ಓಣಿ ತುಂಬ ತಿರಗಸ್ತಿದ್ದ. ಅಂವ ಹೋದ ಮ್ಯಾಲ ನೀ ಎಂಟ ದಿನ ಬಾಗಲದಾಗ ಕುಂತ, ಅವನ ಹೆಸರ ಹಿಡದ ಕರದೀ. ಆಮ್ಯಾಲ ನೀ ಮರತಿ.”